ಅದೇ ಸದಾರಮೆ, ಅದೇ ಕಳ್ಳ

ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರೆ ಹೊಸದು ಹುಟ್ಟುವುದಿಲ್ಲ ಎಂಬ ಮಾತು ಅಡುಗೆಮನೆಯಲ್ಲಿ ಅಷ್ಟಾಗಿ ನಡೆಯುವುದಿಲ್ಲ. ದಿನವೂ ಜೋಳದ ರೊಟ್ಟಿ ತಟ್ಟುವವಳನ್ನು "ಇವತ್ತೂ ರೊಟ್ಟಿನಾ?" ಎಂದು ಕೇಳಿ ನೋಡಿ, ಅವಳು ಉತ್ತರ ಕೂಡ ಕೊಡುವುದಿಲ್ಲ, ನಗುತ್ತಾಳೆ. ಆದರೆ ನಾಟಕ, ಸಿನಿಮಾ, ಈಗಿನ ಮಕ್ಕಳ ವಿಡಿಯೋ ಗೇಮು ಇವುಗಳ ಮಾತು ಬಂದಾಗ ಮಾತ್ರ ಈ ದೂರು ತಪ್ಪದೇ ಬರುತ್ತದೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮೊಮ್ಮಗ ರಜೆಗೆ ತೆಲಿಗಿಗೆ ಬಂದರೆ ಇದೇ ಪುರಾಣ. "ಅಜ್ಜಿ, ಪ್ರತಿ ವರ್ಷ ಅದೇ ಫುಟ್‌ಬಾಲ್ ಆಟ. ಹೆಸರಿನ ಮುಂದೆ ಒಂದು ನಂಬರು ಬದಲಾಯಿಸಿ ಮಾರ್ತಾರೆ. ಬಂದೂಕಿನ ಆಟಾನೂ ಹಂಗೇ. ಹೊಸಾದು ಮಾಡೋರೇ ಇಲ್ಲ" ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಫಿಫಾ ಹೆಸರಿನ ಆಟ 1993ರಲ್ಲಿ ಶುರುವಾಗಿ ವರ್ಷಕ್ಕೊಂದರಂತೆ ಬಂತು. 2023ರಲ್ಲಿ ಹೆಸರು ಬದಲಾಯಿತೇ ಹೊರತು ವರ್ಷಕ್ಕೊಂದು ಬರುವುದು ನಿಲ್ಲಲಿಲ್ಲ. 'ಕಾಲ್ ಆಫ್ ಡ್ಯೂಟಿ' ಎಂಬ ಯುದ್ಧದ ಆಟ 2003ರಿಂದ ನಡೆದೇ ಇದೆ. ಮೀಸೆಯ ಮಾರಿಯೋ 1981ರಲ್ಲಿ ಮೊದಲ ಸಲ ಜಿಗಿದವನು ಇನ್ನೂ ಜಿಗಿಯುತ್ತಲೇ ಇದ್ದಾನೆ. ನಾನು ಮಾತ್ರ ಅವನಿಗೆ, "ಈ ದೂರು ನಮ್ಮ ಕಡೆ ನೂರು ವರ್ಷದಿಂದ ಐತಪ್ಪ, ಕಂಪನಿ ನಾಟಕದ ಕಥೆ ಕೇಳು" ಎಂದೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಹರಪನಹಳ್ಳಿ ಸೀಮೆ ಜಿಲ್ಲೆಗಳ ನಡುವೆ ಓಡಾಡಿದ ಸೀಮೆ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದೇ ಇರಲಿ, ನಾಟಕದ ಹುಚ್ಚು ಮಾತ್ರ ಕದಲಲಿಲ್ಲ. ಒಂದು ಕಡೆ ದಾವಣಗೆರೆ, ಅಲ್ಲಿ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ. ಇನ್ನೊಂದು ಕಡೆ ಬಳ್ಳಾರಿ, ಅಲ್ಲಿ ರಾಘವರ ಹೆಸರು. ನಡುವೆ ಮರಿಯಮ್ಮನಹಳ್ಳಿ, ಮನೆಗೊಬ್ಬರು ಕಲಾವಿದರು ಎನ್ನುವಂಥ ಊರು. ಕೊಟ್ಟೂರಿನ ತೇರು ಬಂತೆಂದರೆ ತಗಡಿನ ಥೇಟರು ಏಳುತ್ತಿತ್ತು, ಮೈಕಿನ ಗಾಡಿ ಹಳ್ಳಿಹಳ್ಳಿ ತಿರುಗುತ್ತಿತ್ತು. ಅದು ಸಾರುತ್ತಿದ್ದ ನಾಟಕದ ಹೆಸರು ಹೋದ ವರ್ಷದ್ದೇ ಆಗಿದ್ದರೂ ಚಕ್ಕಡಿ ಕಟ್ಟುವವರು ಕಟ್ಟಿಯೇ ಕಟ್ಟುತ್ತಿದ್ದರು.

ಒಂದೇ ನಾಟಕ ವರ್ಷಾನುಗಟ್ಟಲೆ ಏಕೆ ಓಡುತ್ತಿತ್ತು ಎಂಬುದನ್ನು ತಿಳಿಯಲು ಗುಬ್ಬಿ ಕಂಪನಿಯಿಂದ ಶುರು ಮಾಡಬೇಕು. 1884ರಲ್ಲಿ ಹುಟ್ಟಿದ ಕಂಪನಿ ಅದು. ಅದರ ಜೀವಾಳವಾಗಿದ್ದ ಗುಬ್ಬಿ ವೀರಣ್ಣನವರು 1891ರಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡರು. 'ಸದಾರಮೆ'ಯ ಕಳ್ಳನ ಪಾತ್ರವನ್ನು ಅವರು ಎಷ್ಟು ಸಲ ಮಾಡಿದರೋ! ಜನ ಸದಾರಮೆಯ ಕಥೆ ತಿಳಿಯಲು ಹೋಗುತ್ತಿರಲಿಲ್ಲ, ಕಥೆ ಎಲ್ಲರಿಗೂ ಗೊತ್ತಿತ್ತು. ಈ ರಾತ್ರಿ ಕಳ್ಳ ಏನು ಮಾಡುತ್ತಾನೆ, ಯಾವ ಹೊಸ ಮಾತು ಸೇರಿಸುತ್ತಾನೆ ಎಂದು ನೋಡಲು ಹೋಗುತ್ತಿದ್ದರು. ಆ ನಾಟಕ 1935ರಲ್ಲಿ ಸಿನಿಮಾ ಆಯಿತು, 1956ರಲ್ಲಿ ಇನ್ನೊಮ್ಮೆ ಆಯಿತು.

ಕಂಪನಿ ಎಂದರೆ ಸಣ್ಣ ಸಂಸಾರವಲ್ಲ. ನಟ ನಟಿಯರು, ಪಕ್ಕವಾದ್ಯದವರು, ಪರದೆ ಎಳೆಯುವವರು, ಅಡುಗೆಯವರು, ಅವರ ಹೆಂಡಿರು ಮಕ್ಕಳು ಎಲ್ಲರ ಹೊಟ್ಟೆ ಆ ರಾತ್ರಿಯ ಗಲ್ಲಾಪೆಟ್ಟಿಗೆಯ ಮೇಲೆ ನಿಂತಿತ್ತು. 1934ರಲ್ಲಿ ವೀರಣ್ಣನವರು 'ಕುರುಕ್ಷೇತ್ರ' ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರಂತೆ. ಆನೆ ತಂದಮೇಲೆ ಆನೆಗೂ ಮೇವು ಹಾಕಬೇಕಲ್ಲ! ಖರ್ಚು ಹೆಚ್ಚಿದಷ್ಟೂ ಧೈರ್ಯ ಕಡಿಮೆಯಾಗುತ್ತದೆ. ಗೆದ್ದ ನಾಟಕವನ್ನೇ ಇನ್ನೊಂದು ಊರಿಗೆ ಒಯ್ಯುವುದು ಕ್ಷೇಮ ಎನಿಸುತ್ತದೆ. ಅಮೆರಿಕದ, ಜಪಾನಿನ ಗೇಮಿನ ಕಂಪನಿಗಳ ಲೆಕ್ಕವೂ ಇದೇ. ಸಾವಿರಾರು ಜನ ನಾಲ್ಕೈದು ವರ್ಷ ಕೂತು ಒಂದು ಆಟ ಮಾಡುವ ಕಾಲ ಇದು. ಅಷ್ಟು ದುಡ್ಡು ಸುರಿಯುವವರು ಜನಕ್ಕೆ ಗುರುತಿರುವ ಹೆಸರನ್ನೇ ಹುಡುಕುತ್ತಾರೆ. ಅವರ ಆನೆಯೂ ಮೇವು ಕೇಳುತ್ತದೆ.

ಹಾಗಾದರೆ ಹಳೆಯ ನಾಟಕ ಹೊಸತನವನ್ನು ಕೊಂದಿತೇ? ಹಾಗೆನ್ನಲು ಹೋದರೆ ಮಾಸ್ಟರ್ ಹಿರಣ್ಣಯ್ಯನವರು ಅಡ್ಡ ಬರುತ್ತಾರೆ. ಅವರ 'ಲಂಚಾವತಾರ' ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು ಎಂದು ಲೆಕ್ಕ. 2019ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರಿನ ಜೊತೆಗೆ ಅಂಟಿಕೊಂಡಿದ್ದ ನಾಟಕ ಅದು. ಹೆಸರು ಒಂದೇ, ಆದರೆ ಆ ದಿನದ ಪತ್ರಿಕೆಯಲ್ಲಿ ಬಂದ ಸುದ್ದಿ ಆ ರಾತ್ರಿಯ ಮಾತಿನಲ್ಲಿ ಇರುತ್ತಿತ್ತು. ಮಂತ್ರಿ ಬದಲಾದರೆ ಮಾತು ಬದಲಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಸಾಹೇಬರಿಗೂ ಅಲ್ಲೇ ಒಂದು ಚುಚ್ಚು. ಹೊರಗಿನ ಪಾತ್ರೆ ಹಳೆಯದು, ಒಳಗಿನ ಸಾರು ಅವತ್ತಿನದು.

ಇನ್ನೊಂದು ಸಂಗತಿ ನೋಡಿ. 1972ರಲ್ಲಿ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ನಾಟಕಗಳನ್ನು ಬಯಲಿನಲ್ಲಿ ಆಡಿಸಿದಾಗ ಕನ್ನಡ ರಂಗಭೂಮಿಯ ದಾರಿಯೇ ಬದಲಾಯಿತು ಎಂದು ತಿಳಿದವರು ಬರೆಯುತ್ತಾರೆ. ಆ ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಎಲ್ಲಿಗೆ? ಇದೇ ಗುಬ್ಬಿ ಕಂಪನಿಗೆ. ಹಾಡು, ತಾಳ, ಬಣ್ಣ ಎಲ್ಲವನ್ನೂ ಅವರು ಹತ್ತಿರದಿಂದ ಕಂಡದ್ದು ಆ ಹಳೆಯ ನಾಟಕಗಳ ನಡುವೆ. ರಾಜಕುಮಾರ್ ಬಂದದ್ದೂ ಅಲ್ಲಿಂದಲೇ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಾತನ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದು, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಒಂದು ಕಾಲದಲ್ಲಿ ಹೆಣ್ಣಿನ ವೇಷವನ್ನೂ ಗಂಡಸರೇ ಹಾಕುತ್ತಿದ್ದ ರಂಗದ ಮೇಲೆ ಹೆಣ್ಣುಮಗಳೊಬ್ಬಳು ಕಳ್ಳನಾಗಿ ಬಂದು ಜನರನ್ನು ನಗಿಸುವುದು ಹೊಸದಲ್ಲವೇ? ನಾಟಕ ಅದೇ, ಕಳ್ಳನೂ ಅವನೇ.

ಇಷ್ಟು ಹೇಳಿ ಮಾತು ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಸೀಮೆಯಲ್ಲೇ ಕಂಡ ಒಂದು ಸಂಗತಿ ನನ್ನನ್ನು ಹಾಗೆ ಮುಗಿಸಲು ಬಿಡುವುದಿಲ್ಲ.

ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳತಿಯೊಬ್ಬಳು ನಾಟಕ ಬರೆದಿದ್ದಳು. ಅವಳ ತಾಯಿಯ ತವರು ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರು. 1953ರಲ್ಲಿ ಅಣೆಕಟ್ಟೆ ಮುಗಿದಾಗ ಹೊಸಪೇಟೆ, ಹಗರಿಬೊಮ್ಮನಹಳ್ಳಿ ಕಡೆಯ ಎಷ್ಟೋ ಹಳ್ಳಿಗಳು ಹೋದವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಗಂಡನ ಮನೆಯಲ್ಲಿದ್ದಾಗಲೇ ತವರು ಮುಳುಗಿಹೋದ ಹೆಣ್ಣುಮಗಳು ನಾಗರ ಪಂಚಮಿಗೆ ಎಲ್ಲಿಗೆ ಹೋಗಬೇಕು? ಇದೇ ಅವಳ ನಾಟಕದ ಪ್ರಶ್ನೆ. ಓದಿ ಕೇಳಿಸಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ, ಒಬ್ಬರು ಎದ್ದು ಹೋಗಿ ಮುಖ ತೊಳೆದು ಬಂದರು.

ಅವಳ ಊರಿನ ಹುಡುಗರು ಜಾತ್ರೆಗೆ ನಾಟಕ ಆಡುವುದಿತ್ತು. ಇದನ್ನು ಆಡಿರಿ ಎಂದು ಹಸ್ತಪ್ರತಿ ಕೊಟ್ಟಳು. ಅವರು ಮರ್ಯಾದೆಯಿಂದಲೇ ತಿರುಗಿ ಕೊಟ್ಟರು. "ಟೀಚರಮ್ಮ, ನಾಟಕ ಚಲೋ ಐತಿ. ಆದ್ರ ಇದಕ್ಕ ಹೀರೋಯಿನ್ ಎಲ್ಲಿಂದ ತರೋದು?" ಎಂದರು. ಅವರ ಮಾತಿನ ಅರ್ಥ ಹಳ್ಳಿಯ ನಾಟಕದ ರೀತಿ ಬಲ್ಲವರಿಗೆ ಗೊತ್ತು. ಗಂಡು ಪಾತ್ರಗಳನ್ನು ಊರ ಹುಡುಗರು ಮಾಡುತ್ತಾರೆ, ಹೆಣ್ಣು ಪಾತ್ರಗಳಿಗೆ ವೃತ್ತಿಯ ಕಲಾವಿದೆಯರನ್ನು ಕರೆಸುತ್ತಾರೆ. ಆ ಹೆಣ್ಣುಮಕ್ಕಳಿಗೆ ಚಾಲ್ತಿಯ ನಾಟಕಗಳೆಲ್ಲ ಬಾಯಿಪಾಠ. 'ರಕ್ತರಾತ್ರಿ' ಎಂದರೆ ದ್ರೌಪದಿಗೆ ಸಿದ್ಧ, 'ಹೇಮರೆಡ್ಡಿ ಮಲ್ಲಮ್ಮ' ಎಂದರೆ ಮಲ್ಲಮ್ಮನಿಗೆ ಸಿದ್ಧ. ಸಂಜೆಯ ಬಸ್ಸಿಗೆ ಬಂದು ಇಳಿದು, ಮಾಸ್ತರರ ಹಾರ್ಮೋನಿಯಮ್ಮಿಗೆ ಒಮ್ಮೆ ಶ್ರುತಿ ಕೂಡಿಸಿ ನೋಡಿ, ರಾತ್ರಿ ಬಣ್ಣ ಹಚ್ಚಿ, ಬೆಳಗಿನ ಬಸ್ಸಿಗೆ ಇನ್ನೊಂದು ಊರಿಗೆ. ಜಾತ್ರೆಯ ಕಾಲದಲ್ಲಿ ದಿನಕ್ಕೊಂದು ಊರು. ಹೊಸ ನಾಟಕವೆಂದರೆ ಪುಸ್ತಕ ಹಿಡಿದು ವಾರಗಟ್ಟಲೆ ತಾಲೀಮು. ಆ ವಾರಗಳ ದುಡಿಮೆ ತುಂಬಿಕೊಡುವವರು ಯಾರು?

ಗೆಳತಿ ಸಿಟ್ಟಾಗಿದ್ದಳು. ಹಳೆಯ ನಾಟಕಗಳು ಹೊಸ ಬರಹಗಾರರ ಕುತ್ತಿಗೆ ಹಿಸುಕುತ್ತಿವೆ ಎಂದಳು. ಅದೇ ಜಾತ್ರೆಗೆ ಬಂದಿದ್ದ ಕಲಾವಿದೆಯೊಬ್ಬಳು ಬಣ್ಣ ಹಚ್ಚಿಕೊಳ್ಳುತ್ತಾ ಅವಳ ಮಾತನ್ನೆಲ್ಲ ಕೇಳಿ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಅಕ್ಕಾರ, ಆ ಹಳೇ ನಾಟಕಾನ ನನ್ನ ಇಬ್ಬರು ಮಕ್ಕಳ ಫೀಸು ಕಟ್ಟೈತ್ರಿ. ನಿಮ್ಮ ನಾಟಕ ಮಾಡಾಕ ನಂಗೂ ಆಸೆ ಐತಿ. ಕಲಿಯೋ ದಿನದ ಕೂಲಿ ಕೊಡಸ್ರಿ, ನಾಳೆನ ಬರ್ತೀನಿ."

ಆ ಮಾತಿನ ಮುಂದೆ ನಮ್ಮಿಬ್ಬರ ವಾದ ನಿಲ್ಲಲಿಲ್ಲ. 2020ರಲ್ಲಿ ತೀರಿಕೊಂಡ ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ದ್ರೌಪದಿಯಾಗಿ ಹೆಸರಾದವರು. ಒಂದೇ ಪಾತ್ರವನ್ನು ದಶಕಗಟ್ಟಲೆ ಮಾಡಿದ್ದರಿಂದಲೇ ಆ ಕಂಠಕ್ಕೆ ಆ ತೂಕ ಬಂತು, ಸಂಸಾರವೂ ನಡೆಯಿತು. ಅಂಥ ಅನ್ನದ ನಾಟಕವನ್ನು ಹಗುರವಾಗಿ ಬೈಯಲು ನನ್ನಿಂದ ಆಗದು. ಹಾಗೆಂದು ಮುಳುಗಿದ ತವರಿನ ಕಥೆ ಪೆಟ್ಟಿಗೆಯಲ್ಲೇ ಉಳಿಯುವುದು ನ್ಯಾಯವೂ ಅಲ್ಲ. ನಮ್ಮ ಸೀಮೆಯಲ್ಲಿ ಸಾವಿರಾರು ಮನೆಗಳಿಗೆ ಸಂಬಂಧಿಸಿದ ದುಃಖ ಅದು. ದ್ರೌಪದಿಯ ಕಣ್ಣೀರಿಗೆ ವರ್ಷ ವರ್ಷ ಅಳುವ ನಾವು ನಮ್ಮ ತಾಯಂದಿರ ಕಣ್ಣೀರನ್ನು ಒಂದು ರಾತ್ರಿಯಾದರೂ ನೋಡಬೇಡವೇ?

ಮೊಮ್ಮಗನ ಗೇಮುಗಳ ಲೋಕದಲ್ಲೂ ಈ ಕೂಲಿಯ ಪ್ರಶ್ನೆಯೇ ಇದೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಕಟ್ಟಿದರು. ಗೇಮಿನ ಕೆಲಸದಲ್ಲಿ ಭಾರತಕ್ಕೇ ಮೊದಲಿಗರ ಸಾಲಿನಲ್ಲಿದ್ದ ಸಂಸ್ಥೆ. ಅಲ್ಲಿನ ಕಲಾವಿದರ ಬಹುಪಾಲು ಕೆಲಸ ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಬೀದಿಗಳನ್ನು ಬರೆದುಕೊಡುವುದು. 2019ರಲ್ಲಿ ಅದನ್ನು ಕೊಂಡದ್ದು 'ಗ್ರ್ಯಾಂಡ್ ಥೆಫ್ಟ್ ಆಟೋ' ಎಂಬ ಮಾಲಿಕೆಯ ಒಡೆಯರಾದ ರಾಕ್‌ಸ್ಟಾರ್ ಕಂಪನಿ. ಆ ಮಾಲಿಕೆಯೂ 1997ರದ್ದೇ. ಬೇರೆಯವರ ಹಳೆಯ ನಾಟಕಕ್ಕೆ ನಮ್ಮ ಹುಡುಗರು ಪರದೆ ಬರೆದಂತಾಯಿತು. ಅದರಿಂದ ನೂರಾರು ಮನೆಗಳ ಒಲೆ ಉರಿಯಿತು, ಕೈಗಳು ಪಳಗಿದವು. ಹಾಗೆ ಪಳಗಿದ ಕೈಗಳು ತಮ್ಮದೇ ಕಥೆ ಹೇಳಲು ಬೇಕಾದ ಬಿಡುವು ಮಾತ್ರ ಸುಲಭವಾಗಿ ಸಿಗುವುದಿಲ್ಲ.

ಆದರೂ ಸಣ್ಣವರು ಸುಮ್ಮನಿಲ್ಲ. 2020ರಲ್ಲಿ ಪುಣೆಯ ಪುಟ್ಟ ತಂಡವೊಂದು 'ರಾಜಿ' ಎಂಬ ಆಟ ತಂದಿತು. ಅದರ ನಾಯಕಿ ತಮ್ಮನನ್ನು ಹುಡುಕಿಕೊಂಡು ಹೊರಟ ಒಬ್ಬ ಹುಡುಗಿ. ಜಗತ್ತಿಡೀ ಆಡಿದ 'ಟೆಟ್ರಿಸ್' 1984ರಲ್ಲಿ ಮಾಸ್ಕೋದಲ್ಲಿ ಒಬ್ಬನ ತಲೆಯಿಂದ ಬಂದದ್ದು. 'ಮೈನ್‌ಕ್ರಾಫ್ಟ್' ಕೂಡ ಮೊದಲು ಒಬ್ಬನದೇ ಕೆಲಸ. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡು ಈಗ ಅದೂ ದೊಡ್ಡ ಹಳೆಯ ಹೆಸರೇ ಆಗಿದೆ. ಇವತ್ತಿನ ಹಳೆಯದೆಲ್ಲ ಒಂದು ದಿನ ಯಾರೋ ಧೈರ್ಯ ಮಾಡಿ ಆಡಿದ ಹೊಸದೇ ತಾನೆ? ವೀರಣ್ಣನವರ ಕಳ್ಳನೂ ಒಂದು ರಾತ್ರಿ ಮೊದಲ ಸಲ ರಂಗಕ್ಕೆ ಬಂದವನೇ.

ಆದ್ದರಿಂದ ನನಗೆ ತೋಚುವುದು ಇಷ್ಟು. ಹಳೆಯ ನಾಟಕದಿಂದ ಹೊಸದಕ್ಕೆ ಕೇಡಿಲ್ಲ. ಜಾತ್ರೆಯ ಎಲ್ಲ ರಾತ್ರಿಗಳನ್ನೂ ಹಳೆಯದಕ್ಕೇ ಬರೆದುಕೊಟ್ಟಾಗ ಕೇಡು ಶುರುವಾಗುತ್ತದೆ. ಮೂರು ರಾತ್ರಿ ನಾಟಕವಿದ್ದರೆ ಎರಡು ಹಳೆಯದಿರಲಿ, ಅದರ ಗಳಿಕೆಯಲ್ಲಿ ಒಂದು ಪಾಲು ತೆಗೆದಿಟ್ಟು ಮೂರನೆಯದರ ತಾಲೀಮಿಗೆ ಕೂಲಿ ಕೊಡಲಿ. ದುಡ್ಡಿರುವ ಗೇಮಿನ ಕಂಪನಿಗಳಿಗೂ ಈ ಮಾತು ಸಲ್ಲುತ್ತದೆ. ಇನ್ನು ನಾವು, ಟಿಕೀಟು ಕೊಳ್ಳುವವರು. ಹೊಸ ನಾಟಕಕ್ಕೆ ಯಾರು ಬರುತ್ತಾರೆ ಎಂದು ಹುಡುಗರು ಕೇಳಿದಾಗ "ನಾವು ಬರ್ತೀವಿ" ಎನ್ನುವ ಹೆಂಗಸರು ಹತ್ತು ಜನ ಬೇಕು.

ಗೆಳತಿಯ ನಾಟಕವನ್ನು ಕೊನೆಗೆ ಆಡಿದವರು ಅವಳ ಹೈಸ್ಕೂಲಿನ ಹುಡುಗಿಯರು, ಶಾಲೆಯ ವಾರ್ಷಿಕೋತ್ಸವದಲ್ಲಿ. ತಾಲೀಮಿಗೆಂದು ಸಹೋದ್ಯೋಗಿಗಳು ಕೈಯಿಂದ ಹಾಕಿದ ದುಡ್ಡಿನಲ್ಲಿ ಆ ಕಲಾವಿದೆ ಒಂದು ವಾರ ಬಂದು ಹುಡುಗಿಯರಿಗೆ ಹಾಡು ಕಲಿಸಿ ಹೋದಳು. ಮುಂದಿನ ಜಾತ್ರೆಯಲ್ಲಿ ಹುಡುಗರು ಆಡಿದ್ದು ಮತ್ತೆ 'ರಕ್ತರಾತ್ರಿ'ಯೇ. ಆದರೆ ನಡುವೆ ಒಂದು ಹಾಡು ಮಾತ್ರ ಆ ಮುಳುಗಿದ ತವರಿನ ನಾಟಕದ್ದು. ಅದನ್ನು ಸೇರಿಸಿದವಳು ದ್ರೌಪದಿಯ ವೇಷದಲ್ಲಿದ್ದ ಅದೇ ಕಲಾವಿದೆ.