ಕೇಳಿ ಕಲಿತವರ ಊರಿನಲ್ಲಿ ಮೊಬೈಲ್: ಮರಿಯಮ್ಮನಹಳ್ಳಿಯ ಶಾಲೆ, ಮನೆ ಮತ್ತು ಸಮುದಾಯ

ಶಾಲಾ ಶಿಕ್ಷಣದಲ್ಲಿ ಡಿಜಿಟಲ್ ತಂತ್ರಜ್ಞಾನದ ಪಾತ್ರವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಕಂಪ್ಯೂಟರ್ ಕೊಠಡಿಯಿಂದ, ಇಲ್ಲವೇ 2020ರ ಕೋವಿಡ್ ಕಾಲದಿಂದ ಆರಂಭವಾಗುತ್ತವೆ. ಶಾಲೆ, ಮನೆ, ಊರು ಎಂಬ ಮೂರು ನೆಲೆಗಳ ನಡುವೆ ಅರಿವು ಹರಿದಾಡುವ ಬಗೆಯನ್ನು ಜಾನಪದದ ದೃಷ್ಟಿಯಿಂದ ನೋಡಿದಾಗ ಈ ಕಾಲಗಣನೆ ಸಾಲದೆಂದು ತೋರುತ್ತದೆ. ಹೊಸಪೇಟೆ ತಾಲೂಕಿನ ಮರಿಯಮ್ಮನಹಳ್ಳಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ 1950ರ ದಶಕದಲ್ಲಿ ನಾರಾಯಣದೇವರಕೆರೆ ಮುಳುಗಡೆಯಾದಾಗ ಅಲ್ಲಿನ ಅನೇಕ ಕುಟುಂಬಗಳು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದವು. ನೀರಿನಡಿಯ ಊರಿನ ಓಣಿ, ಹೊಲ, ಗುಡಿಗಳು ಮುಂದಿನ ತಲೆಮಾರಿಗೆ ದಕ್ಕಿದ್ದು ಬಹುಮಟ್ಟಿಗೆ ಹಿರಿಯರ ಬಾಯಿಂದ. ಕೆ. ನಾಗರತ್ನಮ್ಮನವರಂಥ ಕಲಾವಿದೆಯರಿಂದ ಹೆಸರಾದ ಇಲ್ಲಿನ ರಂಗಪರಂಪರೆಯೂ ಕಿವಿಯನ್ನು ನಂಬಿದ್ದೇ ಆಗಿದೆ. ಅಕ್ಷರ ಬಾರದವರು ಮಾತನ್ನೂ ಮಟ್ಟನ್ನೂ ಕೇಳಿಯೇ ಕಂಠಸ್ಥ ಮಾಡಿಕೊಂಡರು. ನೆರೆಯ ಸಂಡೂರು ತಾಲೂಕಿನ ಬುರ್ರಕಥಾ ಗಾಯಕಿ ದರೋಜಿ ಈರಮ್ಮ (ನಿಧನ: 2014) ಓದುಬರಹವಿಲ್ಲದೆ ಹಲವು ಕಥನಕಾವ್ಯಗಳನ್ನು ನೆನಪಿನಲ್ಲಿ ಉಳಿಸಿಕೊಂಡಿದ್ದುದು ಸರ್ವವಿದಿತ. ಇಂತಹ ಪ್ರದೇಶದಲ್ಲಿ ಶಾಲೆಯೊಂದೇ ಕಲಿಕೆಯ ತಾಣವಾಗಿರಲಿಲ್ಲ. ಆದರೆ ಶಾಲೆ ಈ ಕಲಿಕೆಯನ್ನು ಕಲಿಕೆಯೆಂದು ಎಣಿಸಿದ್ದು ಅಪರೂಪ.

ಸರ್ಕಾರಿ ಯೋಜನೆಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 2001ರ ಆದೇಶದಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾಗಿ ಪಾಲಕರಿಗೆ ಶಾಲೆಯ ಆಡಳಿತದಲ್ಲಿ ಸ್ಥಾನ ದೊರೆಯಿತು. ಅದೇ ಅವಧಿಯಲ್ಲಿ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. 2004ರಲ್ಲಿ ಹಾರಿಬಿಟ್ಟ ಎಜುಸ್ಯಾಟ್ ಉಪಗ್ರಹವು ಪಾಠವನ್ನು ಆಕಾಶದಿಂದ ಇಳಿಸಿತು. ಇವೆಲ್ಲಕ್ಕಿಂತ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಮೊದಲಾದ ಬಾನುಲಿ ಪಾಠಗಳು ಜಾನಪದ ವಿದ್ವಾಂಸರಿಗೆ ಹೆಚ್ಚು ಕುತೂಹಲಕರವಾಗಿವೆ. ಸಂವಾದ ಮಾದರಿಯ ಬಾನುಲಿ ಪಾಠದಲ್ಲಿ ಮಕ್ಕಳ ಉತ್ತರಕ್ಕಾಗಿ ನಡುನಡುವೆ ಬಿಡುವು ಕೊಡಲಾಗುತ್ತದೆ. ಕಥೆ ಹೇಳುವವರೆದುರು ‘ಹೂಂ’ಗುಟ್ಟುವವರೊಬ್ಬರು ಇರಲೇಬೇಕೆಂಬ ನಮ್ಮ ಹಳೆಯ ಕಟ್ಟುಪಾಡನ್ನು ಇದು ತಿಳಿದೋ ತಿಳಿಯದೆಯೋ ಪಾಲಿಸಿತ್ತು. ಅನಂತರ ಬಂದ ವಿಡಿಯೊ ಪಾಠಗಳಲ್ಲಿ ಈ ಬಿಡುವು ಬಹುತೇಕ ಮಾಯವಾಗಿದೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ ‘ಸಂವೇದ’ ಪಾಠಗಳು ಬಿತ್ತರಗೊಂಡವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ವಿದ್ಯಾಗಮವು ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು: ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಉಳ್ಳವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಉಳ್ಳವರು. ಸಾಧನವಿಲ್ಲದ ಮಕ್ಕಳಿಗಾಗಿ ಶಿಕ್ಷಕರು ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳುಗಳನ್ನು ಆಶ್ರಯಿಸಿದರು. ತಂತ್ರಜ್ಞಾನ ತಲುಪದ ಎಡೆಯಲ್ಲಿ ರಾಜ್ಯದ ಶಿಕ್ಷಣ ವ್ಯವಸ್ಥೆ ಮರಳಿ ಬಂದು ನಿಂತದ್ದು ಕಥೆ, ಭಜನೆ, ಬಯಲಾಟಗಳ ಅದೇ ಜಾಗಗಳಿಗೆ. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ತಡೆಹಿಡಿದು, 2021ರ ಜನವರಿಯಲ್ಲಿ ಪುನರಾರಂಭಿಸಲಾಯಿತು.

ಈ ವಿಂಗಡಣೆಯಲ್ಲಿ ಒಂದು ತೊಡಕಿದೆ. ‘ಮೊಬೈಲ್ ಉಳ್ಳ ಮಗು’ ಎಂಬುದು ಕಾಗದದ ಮೇಲಿನ ಮಾತು. ಮೊಬೈಲ್ ಇದ್ದದ್ದು ಮನೆಗೆ, ಹೆಚ್ಚಾಗಿ ದುಡಿಯುವ ಗಂಡಸಿಗೆ. ಬೆಳಿಗ್ಗೆ ಅವನೊಂದಿಗೆ ಕೆಲಸಕ್ಕೆ ಹೋದ ಮೊಬೈಲ್ ರಾತ್ರಿ ಮರಳಿದ ಮೇಲೆ ಮೊದಲು ಮಗನ ಕೈಗೆ, ಆಮೇಲೆ ಮಗಳ ಕೈಗೆ. ಮನೆಯೊಳಗಿನ ಈ ಸರದಿಯನ್ನು ಯಾವ ಅಂಕಿಅಂಶವೂ ಹಿಡಿದಿಡಲಾರದು.

ಆದಾಗ್ಯೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅನಿರೀಕ್ಷಿತವಾದುದೊಂದು ಘಟಿಸಿತು. ಬರೆದ ಸೂಚನೆಯನ್ನು ಓದಲಾರದ ತಾಯಂದಿರು ಶಿಕ್ಷಕರು ಕಳಿಸಿದ ಧ್ವನಿ ಸಂದೇಶವನ್ನು ಕೇಳಿ, ಧ್ವನಿಯಲ್ಲೇ ಮರುನುಡಿದರು. ಪಾಲಕರ ಸಭೆಯಲ್ಲಿ ಬಾಯಿ ಬಿಡದವರೂ ಇಲ್ಲಿ ಮಾತಾಡಿದರೆಂಬುದು ನನ್ನ ಕ್ಷೇತ್ರಕಾರ್ಯದ ಅನುಭವ. ವಾಲ್ಟರ್ ಆಂಗ್ 1982ರ ತಮ್ಮ ಕೃತಿಯಲ್ಲಿ ಬಾನುಲಿ, ದೂರವಾಣಿಗಳ ಕಾಲದ ಮಾತುಗಾರಿಕೆಯನ್ನು ‘ದ್ವಿತೀಯಕ ಮೌಖಿಕತೆ’ ಎಂದು ಕರೆದು, ಅದು ಬರಹದ ಬುನಾದಿಯ ಮೇಲೆ ನಿಂತದ್ದೆಂದರು. ಬರಹವನ್ನು ದಾಟದೆಯೇ ನೇರವಾಗಿ ಮೊಬೈಲ್ ಹಿಡಿದ ಈ ತಾಯಂದಿರಿಗೆ ಆ ವಿವರಣೆ ಪೂರ್ತಿಯಾಗಿ ಒಪ್ಪುವುದಿಲ್ಲ.

ಇದೇ ಊರಿನಲ್ಲಿ ನೆಲೆಸಿರುವ ಜೋಗತಿ ನೃತ್ಯ ಕಲಾವಿದೆ ಬಿ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದ ದೃಶ್ಯ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಊರಿನ ಮಕ್ಕಳೂ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ರಾತ್ರಿಯಿಡೀ ನಡೆಯುವ ಎಲ್ಲಮ್ಮನಾಟವನ್ನು ಕಂಡಿರುವಿರಾ ಎಂದು ಕೇಳಿದರೆ ಹಲವರು ಸುಮ್ಮನಾಗುತ್ತಾರೆ. ಕ್ಷಣಮಾತ್ರದ ದೃಶ್ಯ ಗೌರವವನ್ನು ತಂದುಕೊಟ್ಟಿತು, ಕಥನವನ್ನು ತರಲಿಲ್ಲ. ಜೋಗತಿಯರನ್ನು ಹೀಯಾಳಿಸುತ್ತಿದ್ದ ಸಮಾಜದಲ್ಲಿ ಆ ಗೌರವವೂ ಸಣ್ಣದಲ್ಲವೆಂಬುದನ್ನು ಒಪ್ಪಬೇಕು.

ನಾವು ಸಂಶೋಧಕರು ಈ ಭಾಗದಲ್ಲಿ ದಶಕಗಳ ಕಾಲ ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳು ಸಂಸ್ಥೆಗಳ ಕಪಾಟು ಸೇರಿದವೇ ಹೊರತು ಹಾಡಿದವರ ಮನೆಗೆ ಮರಳಿದ್ದು ಕಡಿಮೆ. ಈ ಲೋಪದಲ್ಲಿ ನನ್ನ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಹುಡುಗಿಯೊಬ್ಬಳು, ಮುಳುಗಡೆಯಾದ ಊರಿನಿಂದ ಬಂದ ತನ್ನ ಅಜ್ಜಿಯ ಬೀಸುವ ಪದಗಳನ್ನು ಮನೆಯ ಮೊಬೈಲಿನಲ್ಲಿ ತಾನೇ ಮುದ್ರಿಸಿಕೊಂಡಿದ್ದಳು. ನಾನು ಅದನ್ನು ಕೇಳಲು ಹೋಗುವ ವೇಳೆಗೆ ಅಜ್ಜಿ ತೀರಿಕೊಂಡಿದ್ದರು. “ಮೊಬೈಲ್ ತುಂಬಿತ್ರೀ ಸರ, ಶಾಲಿ ಪಾಠದ ವಿಡಿಯೊಕ್ಕ ಜಾಗ ಇರಲಿಲ್ಲ, ಅಪ್ಪ ಅಳಿಸಿಬಿಟ್ಟ” ಎಂದಳು. ಅಜ್ಜಿ ಹೇಳುತ್ತಿದ್ದ ಹೊಲಗಳ ಹೆಸರುಗಳಲ್ಲಿ ಅವಳಿಗೆ ನೆನಪಿದ್ದ ನಾಲ್ಕನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಬಂದೆ.