ಬಾಗಿಲ ಬೇವು, ತೋಳಿನ ದಾಕು

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನನಗೆ ಸೀತಾಳೆ ಸಿಡುಬು ಆಗಿತ್ತು. ಹುಣಸೂರು ಹತ್ತಿರದ ನಮ್ಮೂರಿನಲ್ಲಿ ಹಾಗೆ ಹೇಳುವಂತಿರಲಿಲ್ಲ, "ಅಮ್ಮ ಬಂದವ್ಳೆ" ಅನ್ನಬೇಕಿತ್ತು. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮನೆಯಲ್ಲಿ ಒಗ್ಗರಣೆ ಬಂದ್! ನೆಂಟರು ಹೊಸ್ತಿಲು ದಾಟುವಂತಿಲ್ಲ. ಗುಳ್ಳೆ ಒಣಗಿದ ಮೇಲೆ ಬೇವಿನ ನೀರಿನ ಸ್ನಾನ, ಮಾರಮ್ಮನಿಗೆ ಮೊಸರನ್ನದ ತಂಪು. ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ನಮ್ಮ ನೆಂಟರ ಮನೆಗಳಲ್ಲೂ ಇದೇ ಕಟ್ಟುಪಾಡು.

ಇಂಜಿನಿಯರಿಂಗ್ ಓದುವಾಗ ಇದೆಲ್ಲ ಮೂಢನಂಬಿಕೆ ಅಂತ ಅಜ್ಜಿಯನ್ನು ರೇಗಿಸುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಕೊರೊನಾಗೆ ಹೆದರಿ, ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದರೆ ದಾರಿಗೇ ಮುಳ್ಳಿನ ಬೇಲಿ ಹಾಕಿದ್ದರು. "ಅಮ್ಮ ಬಂದಾಗ ನಾನು ಮಾಡ್ತಿದ್ದುದೂ ಇದ್ನೇ ಕಣ್ಲಾ" ಅಂದರು ಅಜ್ಜಿ. ಬಾಗಿಲ ಬೇವು ಅಂದರೆ 'ಒಳಗೆ ಬರಬೇಡಿ' ಅನ್ನುವ ಬೋರ್ಡು. ನಾನು ಸೋತೆ :)

ಆದರೆ ಆ ರಾತ್ರಿ ಅಜ್ಜಿ ಇನ್ನೊಂದು ಸಂಗತಿ ಹೇಳಿದರು. ಅವರ ಚಿಕ್ಕಂದಿನದು, ಜೀವ ತೆಗೆಯುವ ದೊಡ್ಡ ಸಿಡುಬಿನ ಕಾಲ. ಆಗ ಲಸಿಕೆಗೆ ದಾಕು ಅನ್ನುತ್ತಿದ್ದರು. ದಾಕು ಹಾಕುವವರು ಬಂದರೆ, ಅಮ್ಮ ಮುನಿದಾಳು ಅಂತ ಹೆದರಿ ಮಕ್ಕಳನ್ನು ಅಟ್ಟದಲ್ಲಿ ಬಚ್ಚಿಡುತ್ತಿದ್ದರಂತೆ. ಅಜ್ಜಿ ಹೊಲದಲ್ಲಿ ಅವರ ಕೈಗೆ ಸಿಕ್ಕಿಬಿದ್ದರು, ತೋಳಿನ ಮೇಲೆ ಗುರುತು ಈಗಲೂ ಇದೆ. ಅಟ್ಟದಲ್ಲಿದ್ದ ಅವರ ತಂಗಿ ಆ ಬೇಸಿಗೆ ದಾಟಲಿಲ್ಲ...

ದಾಕು ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆ 1802ಕ್ಕೇ ಮುಂಬಯಿಗೆ ಬಂದಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬರು ತೋಳಿನ ಸೆರಗು ಸರಿಸಿದ್ದಾರೆ. ಅದು ಲಸಿಕೆಯ ಪ್ರಚಾರಕ್ಕೆ ಅನ್ನುವುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಅರಮನೆಯಿಂದ ನಮ್ಮೂರಿಗೆ ಐವತ್ತು ಕಿಲೋಮೀಟರೂ ಇಲ್ಲ. ಆದರೆ ಆ ಧೈರ್ಯ ನಮ್ಮ ಮನೆಯ ಅಟ್ಟ ತಲುಪಲು ನೂರೈವತ್ತು ವರ್ಷವೂ ಸಾಲಲಿಲ್ಲ.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತೇ ಸಿಡುಬಿನಿಂದ ಮುಕ್ತ ಅಂತ ಘೋಷಿಸಿತು.

ಬಾಗಿಲಿಗೆ ಬೇವು ಕಟ್ಟಿಸಿದ್ದೂ ಅಮ್ಮನ ಭಯವೇ, ಮಕ್ಕಳನ್ನು ಅಟ್ಟ ಹತ್ತಿಸಿದ್ದೂ ಅದೇ ಭಯ. ಒಂದು ಉಳಿಸಿತು, ಇನ್ನೊಂದು ಕೊಂದಿತು. ಎರಡನ್ನೂ ಸೇರಿಸಿ ಮೂಢನಂಬಿಕೆ ಅಂತ ನಗುವುದನ್ನು ನಾನು ಬಿಟ್ಟಿದ್ದೇನೆ.

2021ರಲ್ಲಿ ಊರಿಗೆ ಕೊರೊನಾ ಲಸಿಕೆ ಬಂದಾಗ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ತೋಳು ಚಾಚಿದ್ದು ಅಜ್ಜಿ.

ನಿಮ್ಮ ಕಡೆ ಅಮ್ಮ ಬಂದಾಗ ಏನೇನು ಮಾಡುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ, ಬರೆಯಿರಿ.