ಆಂಪ್ಲಿಫೈಯರ್‌ಗೆ ನೀರು ಕುಡಿಸಿದ ಕಥೆ



ಹಾಡು ಚೆನ್ನಾಗಿ ಕೇಳುತ್ತಿರುವಾಗ ನಿಮಗೆ ಆಂಪ್ಲಿಫೈಯರ್ ನೆನಪಾಗುತ್ತದೆಯೇ? ಇಲ್ಲ. ಅದು ಕೈಕೊಟ್ಟಾಗಲೇ ನೆನಪಾಗುವುದು. ನನಗೆ ಅದು ಕೈಕೊಟ್ಟದ್ದು 1986ರ ನವೆಂಬರ್‌ನಲ್ಲಿ, ಮುಂಬೈ ಉಪನಗರದ ಒಂದು ಶಾಲೆಯ ಸಭಾಂಗಣದಲ್ಲಿ, ರಾಜ್ಯೋತ್ಸವದ ನಾಟಕ ಎರಡನೇ ಅಂಕಕ್ಕೆ ಬಂದಿದ್ದಾಗ. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಹುಡುಕಿ ತಂದು ನಾನೇ ಜೋಡಿಸಿದ್ದ 80 ವಾಟ್‌ನ ಪೆಟ್ಟಿಗೆ ಅದು. ಒಳಗೆ ನಾಲ್ಕು 2ಎನ್3055 ಟ್ರಾನ್ಸಿಸ್ಟರ್‌ಗಳು. ಆ ಕಾಲದಲ್ಲಿ ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟಿದವರಿಗೆಲ್ಲ ಆ ನಂಬರ್ ಮನೆಮಂದಿಯ ಹೆಸರಿನಷ್ಟೇ ಪರಿಚಿತ. ಅದರ ಲೋಹದ ಕವಚ 25 ಡಿಗ್ರಿಯಲ್ಲಿದ್ದರೆ 115 ವಾಟ್ ಶಾಖವನ್ನು ಅರಗಿಸಿಕೊಳ್ಳುತ್ತದೆ. ಅದೇ ಕವಚ 100 ಡಿಗ್ರಿಗೆ ಏರಿದರೆ 66 ವಾಟ್‌ಗೇ ಏದುಸಿರು. ನನ್ನ ಅಲ್ಯೂಮಿನಿಯಂ ತಗಡು ಚಿಕ್ಕದಾಗಿತ್ತು, ಹಾಲ್‌ನಲ್ಲಿ ಸೆಕೆ ಇತ್ತು, ತಪ್ಪು ಪೂರ್ತಿ ನನ್ನದೇ. ರಾಜನ ಪಾತ್ರಧಾರಿ ಬಾಯಿ ಆಡಿಸುತ್ತಲೇ ಇದ್ದರು, ಹಿಂದಿನ ಸಾಲಿಗೆ ಏನೂ ಕೇಳಿಸಲಿಲ್ಲ.

ಮರುವರ್ಷಕ್ಕೆ ನೀರು ಹಾಯಿಸೋಣ ಎಂದುಕೊಂಡೆ. ಕಾರಿನ ಎಂಜಿನ್‌ಗೆ ಆಗುವುದಾದರೆ ಇದಕ್ಕೇಕೆ ಆಗಬಾರದು? ಲೆಕ್ಕವೂ ಸುಲಭ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದು 10 ಡಿಗ್ರಿ ಬಿಸಿಯಾದರೆ ಸುಮಾರು 700 ವಾಟ್ ಶಾಖ ಹೊತ್ತೊಯ್ಯುತ್ತದೆ. ಎರಡು ತಾಮ್ರದ ಪಟ್ಟಿಗಳಿಗೆ ಕೊಳವೆ ಬೆಸೆದು, ಒಂದರಿಂದ ಇನ್ನೊಂದಕ್ಕೆ ಗಿಡ್ಡನೆಯ ರಬ್ಬರ್ ನಳಿಕೆ ಕೊಟ್ಟು, ಮೀನಿನ ತೊಟ್ಟಿಯ ಪಂಪ್ ಇಟ್ಟೆ. ಶಾಖ ಚೆನ್ನಾಗಿ ದಾಟಲಿ ಎಂದು ಟ್ರಾನ್ಸಿಸ್ಟರ್ ಕೆಳಗಿನ ಅಭ್ರಕದ ಹಾಳೆಯನ್ನು ತೆಗೆದುಬಿಟ್ಟೆ. ಎರಡು ತಿಂಗಳಲ್ಲಿ ನಳಿಕೆಯ ಬಾಯಿಗೆ ಹಸಿರು ಕಿಲುಬು! ಆ ಟ್ರಾನ್ಸಿಸ್ಟರ್‌ನ ಕವಚವೇ ವಿದ್ಯುತ್ತಿನ ಒಂದು ತುದಿ. ಒಂದು ಪಟ್ಟಿ 60 ವೋಲ್ಟ್‌ನಲ್ಲಿ, ಇನ್ನೊಂದು 30ರಲ್ಲಿ, ನಡುವೆ ನಲ್ಲಿಯ ನೀರು. ಲೇಪನದ ಅಂಗಡಿಯವರು ತೊಟ್ಟಿಯಲ್ಲಿ ಮಾಡುವ ಕೆಲಸವನ್ನೇ ನಾನು ಅರಿಯದೆ ಮಾಡುತ್ತಿದ್ದೆ.

ಇದಕ್ಕೆ ಪರಿಹಾರ ಹುಡುಕುತ್ತ ಹಳೆಯ ರೇಡಿಯೋ ಪುಸ್ತಕಗಳನ್ನು ತಿರುವಿದಾಗಲೇ ಗೊತ್ತಾದದ್ದು, ನನ್ನ 30 ವೋಲ್ಟ್‌ನ ಪೇಚಾಟವನ್ನು ಹಿಂದಿನವರು 12,000 ವೋಲ್ಟ್‌ನಲ್ಲಿ ಬಿಡಿಸಿ ಇಟ್ಟಿದ್ದರೆಂದು. ಇನ್ನು ಮುಂದಿನದು ಅವರ ಕಥೆ.

ರೇಡಿಯೋದ ಮೊದಲ ದಿನಗಳಲ್ಲಿ ವಾಲ್ವ್ ಎಂದರೆ ಗಾಜಿನ ಬುರುಡೆ. ಕಾಯುವ ಆನೋಡ್ ಗಾಜಿನೊಳಗಿನ ನಿರ್ವಾತದಲ್ಲಿ ನೇತಾಡುತ್ತಿತ್ತು. ಗಾಳಿಯೇ ಇಲ್ಲದ ಕಡೆ ಶಾಖ ಹೊರಗೆ ಬರುವುದು ಹೊಳಪಾಗಿ ಮಾತ್ರ, ಹೀಗಾಗಿ ಒಂದು ಮಿತಿ ಮೀರಿ ಶಕ್ತಿ ಹೆಚ್ಚಿಸುವಂತಿರಲಿಲ್ಲ. ಆನೋಡನ್ನೇ ವಾಲ್ವಿನ ಹೊರಗೋಡೆ ಮಾಡಿದರೆ ನೀರು ಅದನ್ನು ಮುಟ್ಟಬಹುದು. ಆದರೆ ತಾಮ್ರ ಮತ್ತು ಗಾಜು ಬಿಸಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಂಟಿಸಿದರೆ ಗಾಜು ಸೀಳುತ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್‌ನ ಹೌಸ್‌ಕೀಪರ್ ಎಂಬ ಎಂಜಿನಿಯರ್ ತಾಮ್ರದ ಅಂಚನ್ನು ಕತ್ತಿಯ ಅಲಗಿನಂತೆ ತೆಳ್ಳಗೆ ಮಾಡಿ ಗಾಜಿಗೆ ಬೆಸೆದರು. ತೆಳು ತಾಮ್ರ ತಾನೇ ಬಾಗಿಕೊಂಡು ಗಾಜನ್ನು ಉಳಿಸಿತು. (ಹೌದು, ಅದು ಅವರ ಅಡ್ಡಹೆಸರೇ!) ಅಂಥ ನೀರು ತಂಪಿನ ವಾಲ್ವ್‌ಗಳ ಬಲದಿಂದಲೇ 1923ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆಡಿದ ಮಾತು ಅಟ್ಲಾಂಟಿಕ್ ದಾಟಿ ಲಂಡನ್ನಿನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು.

ಈಗ ಬನ್ನಿ ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಗೆ. ಪೊವೆಲ್ ಕ್ರಾಸ್ಲಿ ಎಂಬ ವ್ಯಾಪಾರಿಯ ಮಗ 1921ರಲ್ಲಿ ರೇಡಿಯೋ ಬೇಕೆಂದು ಹಟ ಹಿಡಿದ. ಅಂಗಡಿಯಲ್ಲಿ ಬೆಲೆ ನೂರು ಡಾಲರಿಗೂ ಮೇಲೆ. ಅಪ್ಪ ಒಂದು ಪುಟ್ಟ ಕೈಪಿಡಿ ಕೊಂಡು ತಾವೇ ಸೆಟ್ ಕಟ್ಟಿದರು. ಆಮೇಲೆ ಮನೆಯಿಂದಲೇ 20 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಹಾಡು ಬಿತ್ತರಿಸಿದರು. ಈ ಹುಚ್ಚು ನಮ್ಮಲ್ಲಿ ಕೆಲವರಿಗೆ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ, ಕ್ರಾಸ್ಲಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ. 1922ರಲ್ಲಿ 50 ವಾಟ್‌ನೊಂದಿಗೆ ಶುರುವಾದ ಅವರ ಡಬ್ಲ್ಯುಎಲ್‌ಡಬ್ಲ್ಯು ಸ್ಟೇಷನ್ 1928ಕ್ಕೆ 50 ಕಿಲೋವಾಟ್ ಮುಟ್ಟಿತು. 1934ರ ಮೇ 2ರಂದು ಅಧ್ಯಕ್ಷ ರೂಸ್ವೆಲ್ಟ್ ಶ್ವೇತಭವನದಲ್ಲಿ ಕುಳಿತು ಒಂದು ಕೀಲಿ ಒತ್ತಿದರು. ಮೇಸನ್ ಎಂಬ ಊರಿನಲ್ಲಿ 831 ಅಡಿ ಎತ್ತರದ ಗೋಪುರದಿಂದ 500 ಕಿಲೋವಾಟ್‌ನ ದನಿ ಹೊರಟಿತು.

ಎಎಂ ಪ್ರಸಾರದಲ್ಲಿ ರೇಡಿಯೋ ಅಲೆಯ ಮೇಲೆ ಮಾತನ್ನು ಕೂರಿಸಬೇಕಾದರೆ ಅಲೆಯ ಶಕ್ತಿಯ ಅರ್ಧದಷ್ಟಾದರೂ ಶಕ್ತಿ ಮಾತಿನಲ್ಲೇ ಇರಬೇಕು. ಅಂದರೆ ಮೇಸನ್‌ನಲ್ಲಿ ಬೇಕಾದದ್ದು ಕನಿಷ್ಠ 250 ಕಿಲೋವಾಟ್‌ನ ಆಡಿಯೋ ಆಂಪ್ಲಿಫೈಯರ್! ನನ್ನ ಪೆಟ್ಟಿಗೆಯಂಥವು ಮೂರು ಸಾವಿರ ಸೇರಿದರೂ ಸಾಲದು. ಸುಮಾರು ಐದಡಿ ಎತ್ತರದ, ತಲಾ 100 ಕಿಲೋವಾಟ್ ದರ್ಜೆಯ 20 ವಾಲ್ವ್‌ಗಳಲ್ಲಿ 12 ರೇಡಿಯೋ ಅಲೆಗೆ, 8 ಕೇವಲ ಧ್ವನಿಗೆ. ಕ್ಲಾಸ್ ಬಿ ಜೋಡಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ 78.5 ಶೇಕಡಾಕ್ಕಿಂತ ಹೆಚ್ಚು ದಕ್ಷತೆ ಕೊಡದು. ಲೆಕ್ಕ ಹಾಕಿದರೆ, ಪೂರ್ತಿ ದನಿಯಲ್ಲಿ ಆ ಎಂಟು ವಾಲ್ವ್‌ಗಳೇ 70 ಕಿಲೋವಾಟ್‌ನಷ್ಟು ಶಾಖ ಕಕ್ಕುತ್ತಿದ್ದವು. ಬಚ್ಚಲಿನಲ್ಲಿ ನೀವು ಬಕೆಟ್‌ಗೆ ಇಳಿಬಿಡುವ 1 ಕಿಲೋವಾಟ್‌ನ ಹೀಟರ್ ಇದೆಯಲ್ಲ, ಅಂಥವು ಎಪ್ಪತ್ತು.

ನೀರಿಗೂ ಅಷ್ಟು ವೋಲ್ಟ್‌ಗೂ ಸಂಬಂಧ ಬೆಳೆಸಿದ್ದು ಹೇಗೆ? ಮೊದಲನೆಯದು, ವಾಲ್ವ್ ಮುಟ್ಟುವ ನೀರು ಬಟ್ಟಿ ಇಳಿಸಿದ ನೀರು. ಉಪ್ಪಿನಂಶವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದು ಬಲು ಕಷ್ಟ. ಅದು ಒಂದು ಮುಚ್ಚಿದ ಸುತ್ತಿನಲ್ಲೇ ತಿರುಗುತ್ತಿತ್ತು. ಶಾಖವನ್ನು ಮಾತ್ರ ಇನ್ನೊಂದು ಸುತ್ತಿನ ಸಾಧಾರಣ ನೀರಿಗೆ ದಾಟಿಸಿ, ಆ ನೀರನ್ನು ಕಟ್ಟಡದ ಮುಂದಿನ 75 ಅಡಿ ಚೌಕದ ಕೊಳದಲ್ಲಿ ಕಾರಂಜಿಯಾಗಿ ಚಿಮ್ಮಿಸಿ ಆರಿಸುತ್ತಿದ್ದರು. ನೋಡಿದವರು ಉದ್ಯಾನ ಎಂದುಕೊಂಡಿದ್ದರೆ ತಪ್ಪಿಲ್ಲ. ಎರಡನೆಯದು, ಇಂಥ ಸ್ಟೇಷನ್‌ಗಳಲ್ಲಿ ವಾಲ್ವಿಗೆ ಹೋಗುವ ನಳಿಕೆಯನ್ನು ಬೇಕೆಂದೇ ಉದ್ದ ಮಾಡಿ ಸುರುಳಿ ಸುತ್ತುತ್ತಿದ್ದರು. ನೀರಿನ ದಾರಿ ಉದ್ದವಾದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ನನ್ನ ಗಿಡ್ಡ ನಳಿಕೆ ಮಾಡಿದ ಅನಾಹುತ ಈಗ ನಿಮಗೂ ಗೊತ್ತಾಯಿತಲ್ಲ! ಇನ್ನು ನೀರಿನ ಹರಿವು ಕಡಿಮೆಯಾದರೆ ವೋಲ್ಟೇಜ್ ತಾನಾಗಿಯೇ ಕಡಿಯುವ ಸ್ವಿಚ್ ಬೇರೆ.

ಹತ್ತಿರದ ಹೊಲಗಳ ಮುಳ್ಳುತಂತಿ, ಸೂರಿನ ತಗಡು ಎಲ್ಲ ಹಾಡುತ್ತಿದ್ದವು ಎಂದು ಅಲ್ಲಿಯವರು ಹೇಳುತ್ತಿದ್ದರು. ಆದರೆ ಕೆನಡಾದ ಟೊರಾಂಟೋ ಸ್ಟೇಷನ್ನಿಗೆ ತೊಂದರೆಯಾಗಿ ದೂರು ಹೋಯಿತು. ಸಣ್ಣ ಸ್ಟೇಷನ್‌ಗಳವರಿಗೂ ಒಬ್ಬನೇ ಇಷ್ಟು ಜೋರಾಗಿ ಕೂಗುವುದು ಹಿಡಿಸಲಿಲ್ಲ. 1938ರಲ್ಲಿ ಅಮೆರಿಕದ ಸೆನೆಟ್ 50 ಕಿಲೋವಾಟ್‌ಗಿಂತ ಹೆಚ್ಚು ಬೇಡವೆಂದು ನಿರ್ಣಯ ಮಾಡಿತು, 1939ರ ಮಾರ್ಚ್ 1ರಂದು ದೊಡ್ಡ ದನಿ ಇಳಿಯಿತು. ನೀರು ಸೋಲಲಿಲ್ಲ, ನೆರೆಹೊರೆ ಸಹಿಸಲಿಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿ? ಕ್ರಾಸ್ಲಿಯ ಗೋಪುರ ಗರ್ಜಿಸತೊಡಗಿದ ಮರುವರ್ಷ, 1935ರ ಸೆಪ್ಟೆಂಬರ್‌ನಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭಿಸಿದರು. 30 ವಾಟ್. ಅದನ್ನು ತಣಿಸಲು ಕೋಣೆಯ ಗಾಳಿಯೇ ಸಾಕು. ಆ ಮೈಸೂರಿನ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ರೇಡಿಯೋಗೆಲ್ಲ ಬಂತು. 1990ರ ದಶಕದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಆಕಾಶವಾಣಿ 500 ಕಿಲೋವಾಟ್‌ನ ಆರು ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಸ್ಥಾಪಿಸಿತು. ಮೇಸನ್‌ನಲ್ಲಿ ಇದ್ದದ್ದು ಒಂದೇ, ನೆನಪಿರಲಿ.

ನನ್ನ ಪೆಟ್ಟಿಗೆಗೆ ಮರಳುತ್ತೇನೆ. ಅಭ್ರಕದ ಹಾಳೆಗಳು ಸ್ವಸ್ಥಾನಕ್ಕೆ ಬಂದವು, ನಳಿಕೆ ಮೊಳದುದ್ದವಾಯಿತು, ಬ್ಯಾಟರಿ ಅಂಗಡಿಯಿಂದ ಬಟ್ಟಿ ನೀರು ಬಂತು. ಮೇಸನ್ನಿನ ಕೊಳದ ಜಾಗದಲ್ಲಿ ನಮ್ಮದು 15 ಲೀಟರ್‌ನ ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ನಲ್ಲಿಯ ನೀರು, ನೀರಿನೊಳಗೆ ಬಟ್ಟಿ ನೀರು ತಿರುಗುವ ತಾಮ್ರದ ಸುರುಳಿ. 1987ರ ನಾಟಕ ಮೂರು ಗಂಟೆ ನಡೆಯಿತು, ರಾಜ ಕೊನೆಯ ಸಾಲಿಗೂ ಕೇಳಿಸಿದರು. ಸುಮಾರು 60 ವಾಟ್ ಶಾಖ ಕುಡಿದು ಬಕೆಟ್‌ನ ನೀರು ಹತ್ತು ಡಿಗ್ರಿಯಷ್ಟು ಏರಿತ್ತು. ಪರದೆ ಬಿದ್ದ ಮೇಲೆ ನಾನು ವೈರು ಸುತ್ತುತ್ತಿದ್ದಾಗ, ಮುಖದ ಬಣ್ಣ ತೊಳೆಯಲು ಬೆಚ್ಚನೆ ನೀರು ಸಿಕ್ಕಿತೆಂದು ಸೇನಾಪತಿ ಆ ಬಕೆಟನ್ನೇ ಎತ್ತಿಕೊಂಡು ಹೋದರು.